ಬಾಡಿಗೆ ತಾಳಲಾರದೆ ಬೆಂಗಳೂರು ಬಿಟ್ಟು ಮೈಸೂರಿಗೆ: ಸರಿಯಾ, ತಪ್ಪಾ?

ವೈಟ್‌ಫೀಲ್ಡ್ ಬಾಡಿಗೆದಾರ: ಎರಡು ಬೆಡ್‌ರೂಮಿಗೆ 38 ಸಾವಿರ, ಅದರ ಮೇಲೆ ಮೇಂಟೆನೆನ್ಸ್. ಮಗುವನ್ನು ಈ ವರ್ಷ ಸ್ಕೂಲಿಗೆ ಸೇರಿಸಬೇಕು. ಹೆಂಡತಿಗೆ ಮನೆಯಿಂದಲೇ ಕೆಲಸ, ನನಗೆ ವಾರಕ್ಕೆ ಎರಡು ದಿನ ಆಫೀಸು. ಮೈಸೂರಿನಲ್ಲಿ ಮನೆ ಮಾಡುತ್ತಿದ್ದೇವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆ ತಾನೆ? ಚಿಕ್ಕ ಮಕ್ಕಳಿರುವವರೆಲ್ಲ ಇದನ್ನೇ ಮಾಡಬೇಕು.

ಕೆಂಗೇರಿಯವ: ಒಂದೂವರೆ ಗಂಟೆ ಎಲ್ಲಿಂದ ಎಲ್ಲಿಗೆ ಸಾರ್? ಆ ರಸ್ತೆ ನಮ್ಮ ಕೆಂಗೇರಿ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ವೈಟ್‌ಫೀಲ್ಡಿಗೆ ಬೆಳಗಿನ ಹೊತ್ತು ಹೋಗಿ ನೋಡಿ.

ಲೆಕ್ಕದ ಮೇಷ್ಟ್ರು: 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಕೇಂದ್ರ ಸರ್ಕಾರವೇ 75 ನಿಮಿಷ ಎಂದಿತ್ತು. 118 ಕಿ.ಮೀ. ರಸ್ತೆ, 100ರ ವೇಗ. 71 ನಿಮಿಷ ಬರುತ್ತದೆ. ಅವರು ಒಂದೂವರೆ ಗಂಟೆ ಅಂದಿದ್ದು ಜಾಸ್ತಿಯೇ ಆಯಿತು.

ಕೆಂಗೇರಿಯವ: 100 ಅಂದರೆ ಕಾರಿಗಿರುವ ಮಿತಿ! ಒಂದು ನಿಮಿಷವೂ ನಿಧಾನ ಮಾಡದೆ ಯಾರು ಓಡಿಸುತ್ತಾರೆ? ಟೋಲ್ ಇಲ್ವಾ?

ಮೈಸೂರಿನವಳು: ನಿಮಿಷ ಆಮೇಲೆ ಎಣಿಸಿ. ಬೆಂಗಳೂರಿನವರು ಅಂದ ಕೂಡಲೇ ಇಲ್ಲಿನ ಮಾಲೀಕರು ಬಾಡಿಗೆ ಏರಿಸುತ್ತಾರೆ. ಮೈಸೂರಿನ ಸಂಬಳದಲ್ಲೇ ಸಂಸಾರ ಮಾಡುವ ನಾವು ಎಲ್ಲಿಗೆ ಹೋಗಬೇಕು?

ಲೆಕ್ಕದ ಮೇಷ್ಟ್ರು: ಟೋಲ್‌ಗೆ ಫಾಸ್ಟ್ಯಾಗ್ ಇದೆ. ಸುಮ್ನೆ ಹೆದರಿಸಬೇಡಿ.

ಮದ್ದೂರು ಹುಡುಗ: ಫಾಸ್ಟ್ಯಾಗ್ ಇರುವುದು ಕಾರಿಗೆ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಆ ರಸ್ತೆಗೆ ಬಿಡುತ್ತಿಲ್ಲ. ಬಾಡಿಗೆ ಕಟ್ಟಲಾಗದೆ ಊರು ಬಿಡುವವರಿಗೆ ಕಾರು ಎಲ್ಲಿಂದ ಬರಬೇಕು?

ವೈಟ್‌ಫೀಲ್ಡ್ ಬಾಡಿಗೆದಾರ: ಕಾರು ಬೇಡ. ಮೈಸೂರಿಂದ ರೈಲಿನಲ್ಲಿ ಬಂದು ನೇರಳೆ ಮೆಟ್ರೋ ಹತ್ತುತ್ತೇನೆ. 2023ರ ಅಕ್ಟೋಬರ್‌ನಿಂದ ಅದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ.

ಕೆಂಗೇರಿಯವ: ಮೆಟ್ರೋ ಅಂದಿರಾ? ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90ಕ್ಕೆ ಏರಿತು. ಒಂದೂವರೆ ಗಂಟೆ ಎಂಬ ಮಾತು ಈಗ ಎಲ್ಲಿಗೆ ಹೋಯಿತು?

ಲೆಕ್ಕದ ಮೇಷ್ಟ್ರು: ದರದ ಮಾತೇ ಬೇರೆ. ಸಮಯದ ಲೆಕ್ಕದಲ್ಲಿ ಸೋತಿದ್ದಕ್ಕೆ ದರ ಎತ್ತುತ್ತಿದ್ದೀರಿ.

ಕೆಂಗೇರಿಯವ: ಸೋತಿದ್ದು ಯಾರು? ನಾನು 20 ವರ್ಷದಿಂದ ಈ ರಸ್ತೆ ಪಕ್ಕದಲ್ಲೇ ಇದ್ದೇನೆ. ಭಾಗಾಕಾರ ಮಾಡಿ ಊರು ತಲುಪಲು ಆಗಲ್ಲ ಮೇಷ್ಟ್ರೇ!

ಮೈಸೂರಿನವಳು: ನನ್ನ ಪ್ರಶ್ನೆಗೆ ಉತ್ತರ ಕೊಡಿ. ನಮ್ಮ ಬೀದಿಯಲ್ಲೇ ಎರಡು ಮನೆಯವರು ಬಾಡಿಗೆ ಹೆಚ್ಚಾಗಿ ಖಾಲಿ ಮಾಡಿದ್ದಾರೆ. ಅವರಿಗೂ ಚಿಕ್ಕ ಮಕ್ಕಳಿದ್ದಾರೆ.

ವೈಟ್‌ಫೀಲ್ಡ್ ಬಾಡಿಗೆದಾರ: ಬಾಡಿಗೆ ಏರಿಸುವುದು ಮಾಲೀಕರು, ಅಕ್ಕ. ನಾನಲ್ಲ. ಅಡ್ವಾನ್ಸ್ ಕೊಟ್ಟಾಗಿದೆ, ಮುಂದಿನ ತಿಂಗಳು ಬರುತ್ತೇವೆ.

ಮೈಸೂರಿನವಳು: ಅವರು ಹೇಳಿದಷ್ಟು ಕೊಡುವುದು ನೀವೇ ಅಲ್ವಾ?

ಲೆಕ್ಕದ ಮೇಷ್ಟ್ರು: ಕೆಂಗೇರಿಯವರೇ, 71 ನಿಮಿಷ ತಪ್ಪು ಎಂದು ಮೊದಲು ತೋರಿಸಿ.