ಎಳೆದರೆ ಗುರ್ ಎನ್ನುವ ರಾಟ್‌ವೀಲರ್: ಯಾವ ಕೊರಳಪಟ್ಟಿ ಹಾಕಬೇಕು?

ಕಪ್ಪುಕಂದು
ಎಲ್ಲರಿಗೂ ನಮಸ್ಕಾರ. ನಮ್ಮ ಗಂಡು ರಾಟ್‌ವೀಲರ್ ಕೂರು, ಮಲಗು, ಬಾ ಎಂಬುದನ್ನೆಲ್ಲ ಬೇಗ ಕಲಿತ ನಾಯಿ. ಈಗ ನಡಿಗೆಗೆ ಹೊರಟರೆ ಅರ್ಧ ದಾರಿಯಲ್ಲಿ ಕುಳಿತುಬಿಡುತ್ತಾನೆ, ಎಳೆದರೆ ಗುರ್ ಎನ್ನುತ್ತಾನೆ. ಬೆಳಿಗ್ಗೆ ಈ ಹಟ ಇನ್ನೂ ಹೆಚ್ಚು. ನಿನ್ನೆ ಕಾರಿಗೆ ಹತ್ತಿಸಲೆಂದು ಮುಂಗಾಲುಗಳನ್ನು ಹಿಡಿದು ಎತ್ತಿದಾಗ ಹಲ್ಲು ತೋರಿಸಿ ನನ್ನ ಕೈಯತ್ತ ತಿರುಗಿದ. ಚರ್ಮದ ಪಟ್ಟಿ ತೆಗೆದು, ಎಳೆದಾಗ ಕೊರಳಿಗೆ ಬಿಗಿಯುವ ಚೋಕ್ ಚೈನ್ ಹಾಕಿದರೂ ಪ್ರಯೋಜನವಾಗಲಿಲ್ಲ. ಮನೆಯವರು ಅವನ ಹತ್ತಿರ ಹೋಗಲು ಹೆದರುತ್ತಿದ್ದಾರೆ, ನನ್ನ ತಾಳ್ಮೆಯೂ ಮುಗಿಯುತ್ತಾ ಬಂದಿದೆ. ಇಂಥ ಬಲಶಾಲಿ ನಾಯಿಯನ್ನು ಹತೋಟಿಗೆ ತರಲು ಯಾವ ಪಟ್ಟಿ ಸರಿ ಎಂದು ದಯವಿಟ್ಟು ತಿಳಿಸಿ.

ಹಳೆಸಾಕಣೆ
ಇದು ಯಜಮಾನ ಯಾರು ಎಂಬ ಪ್ರಶ್ನೆಯೇ ಹೊರತು ಬೇರೇನಲ್ಲ. ಒಳಬದಿಯಲ್ಲಿ ಲೋಹದ ಮುಳ್ಳುಗಳಿರುವ ಪ್ರಾಂಗ್ ಕಾಲರ್ ಅನ್ನು ಕಿವಿಗಳ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಕೂರಿಸಿ, ಅವನು ಕುಳಿತ ಕೂಡಲೇ ಒಮ್ಮೆ ಜಗ್ಗಿ ಬಿಡಿ. ಬಾಗಿಲನ್ನು ನೀವೇ ಮೊದಲು ದಾಟಿ, ನಿಮ್ಮ ಊಟವಾದ ಮೇಲೆಯೇ ಅವನಿಗೆ ಹಾಕಿ. ನಮ್ಮಲ್ಲಿ ಎರಡು ರಾಟ್‌ವೀಲರ್, ಒಂದು ಕೇನ್ ಕೊರ್ಸೊ ತಳಿಯ ನಾಯಿ ಇವೆ. ಪ್ರತಿಯೊಂದಕ್ಕೂ ಬೇರೆ ಕೊಠಡಿ, ಹತ್ತು ಮೀಟರ್ ಉದ್ದದ ಬಯೋಥೇನ್ (ಪ್ಲಾಸ್ಟಿಕ್ ಲೇಪದ) ಹಗ್ಗ, ಹಿತ್ತಾಳೆಯ ಕೊಂಡಿ ಎಲ್ಲವನ್ನೂ ಹೇಳಿ ಮಾಡಿಸಿದ್ದೇನೆ. ಮೂರೂ ನನ್ನ ಎಡಗಾಲ ಪಕ್ಕ ಬಿಟ್ಟು ಕದಲುವುದಿಲ್ಲ.

ಮೆಲುಹೆಜ್ಜೆ
ನಿಮ್ಮ ಅನುಭವದ ಬಗ್ಗೆ ಗೌರವವಿದೆ, ಆದರೆ ಈ ಸಲಹೆಯನ್ನು ಒಪ್ಪಲಾರೆ. 1947ರಲ್ಲಿ ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಅವರು ಬಂಧನದಲ್ಲಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ ಈ ಯಜಮಾನಿಕೆಯ ಕಲ್ಪನೆ ಬೆಳೆಯಿತು. ಮುಂದೆ ಅದನ್ನು ಜನರಲ್ಲಿ ಹರಡಿದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನಲ್ಲಿ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರವೆಂದು ತಿದ್ದಿ ಬರೆದರು. ಗುರ್ ಎನ್ನುವುದು ಎಚ್ಚರಿಕೆ. ಅದಕ್ಕೆ ಶಿಕ್ಷೆ ಕೊಟ್ಟರೆ ನಾಯಿ ಎಚ್ಚರಿಸುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯಬಹುದು. ಎದೆಯ ಮುಂದೆ ಕೊಂಡಿಯಿರುವ ಹಾರ್ನೆಸ್ (ಕೊರಳಿನ ಬದಲು ಎದೆ, ಬೆನ್ನನ್ನು ಸುತ್ತುವ ಪಟ್ಟಿ) ಹಾಕಿ ನೋಡಿ.

ಹಳೆಸಾಕಣೆ
ಹಾರ್ನೆಸ್ ಹುಟ್ಟಿದ್ದೇ ಎಳೆಯುವುದಕ್ಕೆ. ರಾಟ್‌ವೀಲರ್‌ಗಳ ಹಿಂದಿನ ತಲೆಮಾರುಗಳು ಮಾಂಸದ ಅಂಗಡಿಯವರ ಗಾಡಿಗಳನ್ನು ಎಳೆದದ್ದು ಇಂಥವನ್ನೇ ತೊಟ್ಟು. ಐವತ್ತು ಕಿಲೋ ಮೀರಿ ಬೆಳೆಯುವ ಗಂಡುನಾಯಿಗೆ ಅದನ್ನು ಹಾಕಿದರೆ ನಡೆಯುವವರು ನೀವಲ್ಲ, ನಿಮ್ಮನ್ನು ಅವನು ಎಳೆದುಕೊಂಡು ಹೋಗುತ್ತಾನೆ.

ಮೆಲುಹೆಜ್ಜೆ
ನೀವು ಹೇಳುವುದು ಬೆನ್ನಿನ ಮೇಲೆ ಕೊಂಡಿಯಿರುವುದಕ್ಕೆ ಅನ್ವಯಿಸುತ್ತದೆ. ಮುಂದಿನ ಕೊಂಡಿಗೆ ಹಗ್ಗ ಸಿಕ್ಕಿಸಿದಾಗ ಎಳೆಯುವ ನಾಯಿಯ ದೇಹ ಪಕ್ಕಕ್ಕೆ ತಿರುಗುತ್ತದೆ. ಎದೆಗೆ ಅಡ್ಡಲಾಗಿ ಬರುವ ಪಟ್ಟಿ ಭುಜದ ಚಲನೆಗೆ ಅಡ್ಡಿಯಾಗಬಹುದಾದ್ದರಿಂದ, ಎರಡು ಪಟ್ಟಿಗಳು ಎದೆಮೂಳೆಯ ಮೇಲೆ ಕೂಡಿ ಒಂದಾಗಿ ಕೆಳಗಿಳಿಯುವ ಮಾದರಿಯನ್ನೇ ಆರಿಸಬೇಕು.

ಹಳೆಸಾಕಣೆ
ಅಂಥದ್ದನ್ನೂ ನಮ್ಮ ಕೊರ್ಸೊಗೆ ತಂದಿದ್ದೆ. ಕಂಕುಳಲ್ಲಿ ರೋಮ ಉದುರಿ ಚರ್ಮ ಕೆಂಪಾಯಿತು, ಎತ್ತಿಟ್ಟೆ.

ಕೀಲುಮೂಳೆ
ಪಟ್ಟಿಯ ವಿಚಾರವನ್ನು ಸ್ವಲ್ಪ ಬದಿಗಿಡೋಣ. ಕಪ್ಪುಕಂದು ಅವರೇ, ನಾಯಿಯ ವಯಸ್ಸನ್ನು ನೀವು ಹೇಳಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಬೆಳಿಗ್ಗೆ ಹೆಚ್ಚು ಎಂದಿರಿ. ಮಲಗಿ ಎದ್ದಾಗ ಮೊದಲ ಕೆಲವು ಹೆಜ್ಜೆಗಳು ಬಿಗಿಯಾಗಿರುತ್ತವೆಯೇ? ಸುಮ್ಮನೆ ನಿಂತಾಗ ಮುಂಪಾದಗಳು ಹೊರಕ್ಕೆ ತಿರುಗಿವೆಯೇ? ಮೆಟ್ಟಿಲು ಇಳಿಯುವಾಗ ಹಿಂಜರಿಯುತ್ತಾನೆಯೇ? ಆಹಾರದ ಜೊತೆಗೆ ಬೇರೆ ಏನೇನು ಕೊಡುತ್ತೀರಿ?

ಕಪ್ಪುಕಂದು
ಒಂಬತ್ತು ತಿಂಗಳು, 41 ಕಿಲೋ. ದೊಡ್ಡ ತಳಿಯ ಮರಿಗಳ ಒಣ ಆಹಾರ ಕೊಡುತ್ತೇವೆ, ಮೂಳೆ ಗಟ್ಟಿಯಾಗಲೆಂದು ಮೊದಲಿನಿಂದಲೂ ಅದಕ್ಕೆ ಕ್ಯಾಲ್ಸಿಯಂ ಪುಡಿ ಬೆರೆಸುತ್ತೇವೆ. ಸಂಜೆ ಚೆಂಡೆಸೆದು ಚೆನ್ನಾಗಿ ಓಡಿಸುತ್ತೇವೆ. ಪಾದಗಳು ಹೊರಕ್ಕೆ ತಿರುಗಿರುವುದು ನಿಜ, ಅದು ತಳಿಯ ನಿಲುವೆಂದುಕೊಂಡಿದ್ದೆವು. ಎದ್ದ ಮೇಲೆ ಸ್ವಲ್ಪ ಹೊತ್ತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ನಡೆಯುತ್ತಾನೆ, ಆಮೇಲೆ ಸರಿಹೋಗುತ್ತಾನೆ.

ಕೀಲುಮೂಳೆ
ಹಾಗೆ ತಲೆ ಆಡಿಸುವುದೇ ಕುಂಟುವಿಕೆಯ ಗುರುತು. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ನಾಯಿ ತಲೆ ಎತ್ತಿ ಅದರ ಮೇಲಿನ ಭಾರ ಇಳಿಸುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಎರಡೂ ಕಾಲುಗಳಲ್ಲಿ ನೋವಿದ್ದರೆ ಈ ಗುರುತೂ ಮಸುಕಾಗಿ, ನಾಯಿಗೆ ಹಟ ಬಂದಂತೆ ಮಾತ್ರ ಕಾಣುತ್ತದೆ.

ಈ ವಯಸ್ಸಿಗೆ ನನಗೆ ಎರಡು ಸಂದೇಹಗಳು. ಒಂದು ಪ್ಯಾನೋಸ್ಟಿಯೈಟಿಸ್, ಅಂದರೆ ಬೆಳೆಯುವ ನಾಯಿಗಳ ಮೂಳೆಯ ಉರಿಯೂತ: ಉದ್ದ ಮೂಳೆಗಳನ್ನು ಒತ್ತಿದರೆ ನೋಯುತ್ತದೆ, ಕುಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಬೆಳವಣಿಗೆ ಮುಗಿಯುತ್ತಾ ಬಂದಂತೆ ತಾನಾಗಿ ವಾಸಿಯಾಗುತ್ತದೆ. ಇನ್ನೊಂದು ಮೊಣಕೈ ಡಿಸ್‌ಪ್ಲೇಸಿಯಾ, ಅಂದರೆ ಕೀಲು ಸರಿಯಾಗಿ ರೂಪುಗೊಳ್ಳದಿರುವುದು. ರಾಟ್‌ವೀಲರ್‌ಗಳಲ್ಲಿ ಇದು ಹೆಚ್ಚು. ಹೆಚ್ಚಾಗಿ ಮೊಣಕೈಯ ಕೆಳಗಿನ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾದ ಒಳಬದಿಯ ಚೂಪು ಭಾಗ ಬಿರುಕು ಬಿಟ್ಟು ತುಂಡಾಗಿ ಕೀಲನ್ನು ಸವೆಸುತ್ತದೆ, ಆದ್ದರಿಂದ ತಾನಾಗಿ ಸರಿಹೋಗಲೆಂದು ಕಾಯುವಂತಿಲ್ಲ. ನೀವು ಮುಂಗಾಲು ಹಿಡಿದು ಎತ್ತಿದಾಗ ಭಾರವೆಲ್ಲ ಬಿದ್ದದ್ದು ಆ ಕೀಲಿನ ಮೇಲೆಯೇ ಇರಬಹುದು. ಅವನು ಕಚ್ಚಲಿಲ್ಲ, ನೋವನ್ನು ಹೇಳಿದ. ಅಂಥ ನಾಯಿಗೆ ಪ್ರಾಂಗ್ ಹಾಕಿ ಜಗ್ಗುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ.

ಕ್ಯಾಲ್ಸಿಯಂ ಪುಡಿಯನ್ನು ಇಂದೇ ನಿಲ್ಲಿಸಿ. ಎಳೆಯ ಮರಿಯ, ಅದರಲ್ಲೂ ಆರು ತಿಂಗಳೊಳಗಿನ ಮರಿಯ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ತಡೆಯಲಾರದೆ ಹೀರಿಕೊಳ್ಳುತ್ತದೆ, ಅದರಿಂದ ಮೂಳೆಯ ಬೆಳವಣಿಗೆಯೇ ಏರುಪೇರಾಗುತ್ತದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋದ ಮಾನದಂಡದಲ್ಲಿ ದೊಡ್ಡ ತಳಿಯ ಮರಿಗಳ ಆಹಾರದ ಕ್ಯಾಲ್ಸಿಯಂಗೆ ಒಣತೂಕದ 1.8% ಎಂಬ ಮಿತಿ ಹಾಕಿರುವುದು ಈ ಕಾರಣಕ್ಕೆ. ಚೆಂಡಾಟ, ಜಿಗಿತ ಎರಡೂ ಬೇಡ. ಮನೆಯಲ್ಲಿರುವ ಐಬುಪ್ರೊಫೆನ್‌ನಂಥ ಮನುಷ್ಯರ ನೋವಿನ ಮಾತ್ರೆಯನ್ನು ಖಂಡಿತ ಕೊಡಬೇಡಿ. ನಾಯಿಗಳಲ್ಲಿ ಅದು ಹೊಟ್ಟೆಯ ಹುಣ್ಣಿಗೂ ಮೂತ್ರಪಿಂಡದ ಹಾನಿಗೂ ಕಾರಣವಾಗುತ್ತದೆ. ಪಶುವೈದ್ಯರಲ್ಲಿ ಎರಡೂ ಮೊಣಕೈಗಳ ಎಕ್ಸ್‌ರೇ ಕೇಳಿ.

ಹಳೆಸಾಕಣೆ
ಕೀಲಿನ ನೋವೇ ಆದರೆ ಊಟದ ಬಟ್ಟಲನ್ನು ಎತ್ತರದ ಸ್ಟ್ಯಾಂಡಿನ ಮೇಲಿಡಿ. ನಮ್ಮ ಮೂರಕ್ಕೂ ಎದೆಮಟ್ಟದ ಸ್ಟೀಲ್ ಸ್ಟ್ಯಾಂಡ್ ಮಾಡಿಸಿದ್ದೇನೆ.

ಮೆಲುಹೆಜ್ಜೆ
2000ದಲ್ಲಿ ಪ್ರಕಟವಾದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಎತ್ತರದ ಬಟ್ಟಲಿಗೂ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚುವುದಕ್ಕೂ ನಂಟು ಕಂಡುಬಂದಿತ್ತು. ಎದೆ ಆಳವಾಗಿರುವ ತಳಿಗಳಿಗೆ ಅದನ್ನು ಸಾರಾಸಗಟಾಗಿ ಸೂಚಿಸಬಾರದು.

ಹಳೆಸಾಕಣೆ
ನನ್ನ ಯಾವ ನಾಯಿಗೂ ಹಾಗಾಗಿಲ್ಲ.

ಕಪ್ಪುಕಂದು
ವೈದ್ಯರಲ್ಲಿಗೆ ಹೋಗಿ ಬಂದೆವು. ಎಡ ಮೊಣಕೈಯನ್ನು ಪೂರ್ತಿ ಚಾಚಿಸಿದಾಗ, ಕಾರಿನ ಬಳಿ ಮಾಡಿದ ಹಾಗೆಯೇ ತುಟಿ ಎತ್ತಿ ಅವರ ಕೈಯತ್ತ ತಿರುಗಿದ, ಬಲಗಡೆ ಅಷ್ಟಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಕೀಲುಗಳು ಮಾಮೂಲಿನಂತಿಲ್ಲ, ತುಂಡು ಮಾತ್ರ ಸ್ಪಷ್ಟವಾಗಿ ಕಾಣುತ್ತಿಲ್ಲ, ಹಾಗಾಗಿ ಸಿಟಿ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ನಾಯಿಗಳಿಗೆಂದೇ ಇರುವ ನೋವಿನ ಔಷಧ ಕೊಟ್ಟಿದ್ದಾರೆ. ಸ್ಕ್ಯಾನ್ ಆಗುವವರೆಗೆ ಹಗ್ಗದಲ್ಲಿ ಚಿಕ್ಕ ನಡಿಗೆ ಮಾತ್ರ. ಇಷ್ಟು ಶಕ್ತಿಯಿರುವ ಮರಿಯನ್ನು ಓಡಿಸದೆ ಹೇಗೆ ಹಿಡಿದಿಡುವುದು? ಕಾರಿಗೆ ಹೇಗೆ ಹತ್ತಿಸುವುದು?

ಕೀಲುಮೂಳೆ
ಓಟದಷ್ಟೇ ಮೂಗಿನ ಕೆಲಸವೂ ದಣಿಸುತ್ತದೆ. ಒಂದು ಹೊತ್ತಿನ ಆಹಾರವನ್ನು ಬಟ್ಟಲಿಗೆ ಹಾಕದೆ ಹಳೆಯ ಟವೆಲಿನ ಮಡಿಕೆಗಳಲ್ಲಿ ಅಡಗಿಸಿ ಹುಡುಕಲು ಬಿಡಿ, ಜಾರುವ ನೆಲಕ್ಕೆ ಚಾಪೆ ಹಾಸಿ. ನಿಮ್ಮ ಅಂಗೈ ಮೇಲೆ ಗದ್ದ ಇಟ್ಟು ನಿಲ್ಲುವುದನ್ನು ಕಲಿಸಿ. ಗದ್ದ ಎತ್ತಿದ ಕ್ಷಣ ನೀವೂ ಕೈ ತೆಗೆಯುವಿರೆಂದು ತಿಳಿದ ಮೇಲೆ ಅವನಿಗೆ ಗುರ್ ಎನ್ನುವ ಅಗತ್ಯ ಕಡಿಮೆಯಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡಲು ಜಾಗವಿರುವ ಬುಟ್ಟಿಯಂಥ ಬಾಯಿಕುಕ್ಕೆಯನ್ನೂ ಈಗಲೇ ತಿಂಡಿ ಕೊಟ್ಟು ರೂಢಿ ಮಾಡಿಸಿ, ಸ್ಕ್ಯಾನ್ ದಿನ ಎಲ್ಲರಿಗೂ ಅನುಕೂಲ. ನಡಿಗೆಗೆ ಹಾರ್ನೆಸ್ ಸಾಕು, ಆದರೆ ಮೊಣಕೈಯ ಹಿಂದೆ ಉಜ್ಜದಂತೆ ಅಳತೆ ನೋಡಿ ತನ್ನಿ. ರೋಮ ಉದುರಿದ ವಿಚಾರದಲ್ಲಿ ಹಳೆಸಾಕಣೆ ಅವರು ಹೇಳಿದ್ದು ಸರಿ.

ಕಾರಿಗೆ ಎತ್ತಬೇಡಿ, ಇಳಿಜಾರು ಹಲಗೆ ಬಳಸಿ. ಮೊದಲು ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು ನಡೆಸಿ, ಆಮೇಲೆ ಒಂದು ತುದಿಯನ್ನು ಇಟ್ಟಿಗೆಯಷ್ಟು ಎತ್ತರಿಸಿ, ಅದು ಅಭ್ಯಾಸವಾದ ನಂತರವೇ ಕಾರಿಗೆ ಆನಿಸಿ.

ಹಳೆಸಾಕಣೆ
ಹಲಗೆಯ ಮೇಲೆ ಒರಟು ರಬ್ಬರ್ ಹಾಸು ಅಂಟಿಸಿ, ಬರೀ ಮರ ಜಾರುತ್ತದೆ. ಅಗಲ ಒಂದೂವರೆ ಅಡಿಗಿಂತ ಕಡಿಮೆ ಬೇಡ.