‘ಗನ್ ಕಂಟ್ರೋಲ್’ ಅಂದರೆ ಬಂದೂಕು ನಿಷೇಧವೇ? ಲೈಸೆನ್ಸ್, ಠೇವಣಿ, ಕುದುರೆ ಪದಗಳ ಬಗ್ಗೆಯೂ ಕೇಳಬೇಕಿತ್ತು

ಗೆಳೆಯರೇ, ನಮಸ್ಕಾರ.

ಅಮೆರಿಕದ ಬಂದೂಕು ಕಾನೂನಿನ ಬಗ್ಗೆ ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರೇ ಇದನ್ನು ಜಾಸ್ತಿ ಓದುವವರು. ಹಾಗಾಗಿ ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಿಬಿಟ್ಟರೆ ಸಾಲದು. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲು ‘ಗನ್ ಕಂಟ್ರೋಲ್’. ನಮ್ಮ ಸುದ್ದಿಗಳಲ್ಲಿ ಇದು ಒಮ್ಮೆ ‘ಬಂದೂಕು ನಿಯಂತ್ರಣ’ ಆಗುತ್ತದೆ, ಇನ್ನೊಮ್ಮೆ ‘ಬಂದೂಕು ನಿಷೇಧ’ ಆಗುತ್ತದೆ. ಓದುವವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಇದರಿಂದ ಅಮೆರಿಕದ ಜನಾಭಿಪ್ರಾಯವೇ ತಲೆಕೆಳಗಾಗಿ ಕಾಣುತ್ತದೆ ಅನ್ನುವುದು ನನ್ನ ಚಿಂತೆ. ಪೊಲೀಸರು ಮತ್ತು ಅಧಿಕಾರ ಪಡೆದವರನ್ನು ಬಿಟ್ಟು ಬೇರೆ ಯಾರೂ ಕೈಬಂದೂಕು ಇಟ್ಟುಕೊಳ್ಳಬಾರದು ಅಂತ ಕಾನೂನು ಬರಬೇಕೇ ಎಂದು ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 1959ರಲ್ಲಿ ಕೇಳಿದಾಗ ನೂರಕ್ಕೆ 60 ಜನ ಹೌದು ಅಂದಿದ್ದರು. ಈಗ ಅದೇ ಪ್ರಶ್ನೆಗೆ ನೂರಕ್ಕೆ 30 ಜನ ಕೂಡ ಹೌದು ಅನ್ನುವುದಿಲ್ಲ. ಇಷ್ಟನ್ನೇ ಓದಿದರೆ ಅಮೆರಿಕದವರಿಗೆ ಯಾವ ಕಟ್ಟುಪಾಡೂ ಬೇಡ ಅನ್ನಿಸುತ್ತದೆ, ಅಲ್ವಾ? ಆದರೆ ಬಂದೂಕು ಮಾರಾಟದ ಕಾನೂನು ಇನ್ನೂ ಬಿಗಿಯಾಗಬೇಕೇ ಎಂದು ಅದೇ ಸಂಸ್ಥೆ 2024ರಲ್ಲಿ ಕೇಳಿದಾಗ ನೂರಕ್ಕೆ 56 ಜನ ಬೇಕು ಅಂದರು. ಖಾಸಗಿಯಾಗಿ ಮಾರುವಾಗಲೂ ಕೊಳ್ಳುವವರ ಮೇಲೆ ಅಪರಾಧದಂಥ ದಾಖಲೆ ಇದೆಯೇ ಅಂತ ನೋಡಬೇಕು ಅನ್ನುವುದಕ್ಕಂತೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರ ಒಪ್ಪಿಗೆ ಇದೆ, ಮನೆಯಲ್ಲಿ ಬಂದೂಕು ಇರುವವರಲ್ಲೂ ಬಹುಪಾಲು ಜನ ಒಪ್ಪುತ್ತಾರೆ. ಅಂದರೆ ಒಬ್ಬನೇ ಮನುಷ್ಯ ನಿಷೇಧ ಬೇಡ ಅನ್ನುತ್ತಾನೆ, ಬಿಗಿ ಬೇಕು ಅನ್ನುತ್ತಾನೆ. ‘ನಿಷೇಧ’ ಅಂತ ಬರೆದರೆ ಆ ಮನುಷ್ಯನೇ ಕಾಣೆಯಾಗುತ್ತಾನೆ.

ಇಂಗ್ಲಿಷಿನಲ್ಲೂ ಈ ಜಗಳ ಇದೆ. ಬಿಗಿ ಕಾನೂನು ಕೇಳುವವರು ಈಚೆಗೆ ‘ಕಂಟ್ರೋಲ್’ ಬಿಟ್ಟು ‘ಸೇಫ್ಟಿ’ ಅನ್ನುತ್ತಾರೆ, ಎದುರಿನವರು ‘ಹಕ್ಕು’ ಅನ್ನುತ್ತಾರೆ. ಯಾವ ಕಡೆಗೂ ವಾಲದ ಪದ ಬೇಕು. ‘ಬಂದೂಕು ಕಟ್ಟುಪಾಡು’ ಹೇಗೆ? ಇಲ್ಲವೇ ‘ಬಂದೂಕು ಕಾನೂನು ಬಿಗಿ ಮಾಡುವುದು’ ಅಂತ ಬಿಡಿಸಿ ಬರೆಯುವುದೇ ಒಳ್ಳೆಯದೇ?

ಇನ್ನು ‘ಲೈಸೆನ್ಸ್’. ನನಗೆ ಇದೇ ದೊಡ್ಡ ಕಷ್ಟ. ನಮ್ಮ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಬೇಕು ಅಂದರೆ ಅರ್ಜಿ ಹಾಕಬೇಕು, ಯಾಕೆ ಬೇಕು ಅಂತ ಹೇಳಬೇಕು, ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ. ಕೊಡುವುದೂ ಬಿಡುವುದೂ ಅಧಿಕಾರಿಗೆ ಬಿಟ್ಟದ್ದು. ‘ಲೈಸೆನ್ಸ್ ಇಲ್ಲದ ಬಂದೂಕು’ ಅಂದ ಕೂಡಲೇ ನಮಗೆ ಕಳ್ಳ ಕೋವಿ ನೆನಪಾಗುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸೇ ಬೇಡ. ಲೈಸೆನ್ಸ್ ಇರಬೇಕಾದದ್ದು ಮಾರುವ ವ್ಯಾಪಾರಿಗೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಸೊಂಟದಲ್ಲಿ ಇಟ್ಟುಕೊಂಡು ಬೀದಿಯಲ್ಲಿ ಓಡಾಡಲೂ ಈಗ ಅನುಮತಿ ಕೇಳಬೇಕಿಲ್ಲ. ಟೆಕ್ಸಸ್‌ನಲ್ಲಿ 2021ರಿಂದ ಹೀಗಿದೆ. ನ್ಯೂಯಾರ್ಕ್ ಸೇರಿ ಕೆಲವೇ ರಾಜ್ಯಗಳು ಹೊರಗೆ ಒಯ್ಯಲು ‘ತಕ್ಕ ಕಾರಣ ಕೊಡಿ’ ಅಂತ ನಮ್ಮ ಹಾಗೇ ಕೇಳುತ್ತಿದ್ದವು. 2022ರಲ್ಲಿ ಬ್ರುಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಕ್ಕು ಅಂದ ಮೇಲೆ ಕಾರಣ ಕೇಳುವ ಹಾಗಿಲ್ಲ ಅನ್ನುವ ಧಾಟಿ ಅದು. ಹಾಗಾಗಿ ‘ಅಮೆರಿಕದಲ್ಲಿ ಲೈಸೆನ್ಸ್ ಸುಲಭವಾಗಿ ಸಿಗುತ್ತದೆ’ ಅನ್ನುವ ವಾಕ್ಯ ಎಷ್ಟು ಕಡೆ ಓದಿದ್ದೇನೋ, ಅದು ಬುಡದಲ್ಲೇ ತಪ್ಪು.

ಕೊಡಗಿನವರಿಗೆ ಇದು ಬೇಗ ಅರ್ಥವಾಗಬಹುದು. ಕೊಡವರಿಗೆ ಮತ್ತು ಜಮ್ಮಾ ಎಂಬ ಪರಂಪರೆಯ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೂ ‘ವಿನಾಯಿತಿ’ ಸರ್ಕಾರ ಕೊಟ್ಟದ್ದು. ‘ಹಕ್ಕು’ ಅಂದರೆ ಸಂವಿಧಾನದಲ್ಲೇ ಬರೆದದ್ದು. ಈ ಅಂತರ ಉಳಿಸಿಕೊಳ್ಳಬೇಕು.

ಸಂವಿಧಾನದ ಮಾತು ಬಂತಲ್ಲ, ಅಮೆರಿಕದ ಸಂವಿಧಾನದಲ್ಲಿ ಆಯುಧದ ಹಕ್ಕನ್ನು ಹೇಳುವ 1791ರ ಎರಡನೇ ತಿದ್ದುಪಡಿ ಒಂದೇ ವಾಕ್ಯ. ಅದರ ಮೊದಲಲ್ಲಿ ‘ವೆಲ್ ರೆಗ್ಯುಲೇಟೆಡ್ ಮಿಲಿಷಿಯಾ’ ಅಂತ ಇದೆ. ‘ಸುನಿಯಂತ್ರಿತ ನಾಗರಿಕ ಪಡೆ’ ಅಂತ ಬರೆದರೆ, ಓ ಬಂದೂಕನ್ನು ಸರ್ಕಾರ ನಿಯಂತ್ರಿಸಬೇಕು ಅಂತ ಅಲ್ಲೇ ಇದೆಯಲ್ಲ ಅಂತ ಓದುಗರು ಅಂದುಕೊಳ್ಳುತ್ತಾರೆ. ಆದರೆ ಅಲ್ಲಿನ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಆ ಮಾತಿಗೆ ಶಿಸ್ತು, ತರಬೇತಿ ಇರುವ ಪಡೆ ಅನ್ನುವ ಅರ್ಥ ಕೊಟ್ಟರು. ಪಡೆಯಲ್ಲಿ ಸೇವೆ ಮಾಡುವುದಕ್ಕೂ ಹಕ್ಕಿಗೂ ಕೊಂಡಿ ಇಲ್ಲ, ಹಕ್ಕು ಒಬ್ಬೊಬ್ಬರದು ಅಂತ 5–4ರಲ್ಲಿ ತೀರ್ಪಾಯಿತು. ಹಕ್ಕಿಗೆ ಮಿತಿ ಇಲ್ಲ ಅಂತ ಮಾತ್ರ ಆ ತೀರ್ಪು ಹೇಳಲಿಲ್ಲ. ‘ಶಿಸ್ತಿನ ಪಡೆ’ ಅಂದರೆ ಒಂದು ಕಡೆಯವರ ವಾದ ಒಪ್ಪಿದ ಹಾಗೆ, ‘ನಿಯಂತ್ರಿತ’ ಅಂದರೆ ಇನ್ನೊಂದು ಕಡೆಯದು. ‘ಕಟ್ಟುನಿಟ್ಟಿನ ಪಡೆ’ ಅಂದರೆ ಎರಡೂ ಅರ್ಥ ಉಳಿಯುತ್ತದೆಯೇ?

‘ಬ್ಯಾಕ್‌ಗ್ರೌಂಡ್ ಚೆಕ್’ಗೆ ‘ಹಿನ್ನೆಲೆ ಪರಿಶೀಲನೆ’ ರೂಢಿಯಲ್ಲಿದೆ. ನಮ್ಮ ಹಿರಿಯರಿಗೆ ಅದು ಪಾಸ್‌ಪೋರ್ಟಿಗೆ ಪೊಲೀಸರು ಮನೆಗೆ ಬಂದು ವಿಚಾರಿಸಿದಂತೆ ಕೇಳುತ್ತದೆ. ಅಮೆರಿಕದಲ್ಲಿ ಹಾಗಲ್ಲ. 1993ರ ಬ್ರೇಡಿ ಕಾಯ್ದೆಯಿಂದ ಬಂದ ಪದ್ಧತಿಯಲ್ಲಿ ಅಂಗಡಿಯವರು ಹೆಸರು ಕಳಿಸುತ್ತಾರೆ, ಎಫ್‌ಬಿಐ ಕಂಪ್ಯೂಟರಿನಲ್ಲಿ ನೋಡುತ್ತದೆ, ಎಷ್ಟೋ ಸಲ ನಿಮಿಷಗಳಲ್ಲೇ ಮುಗಿಯುತ್ತದೆ. ‘ದಾಖಲೆ ತಪಾಸಣೆ’ ಅನ್ನೋಣ ಅಂತಿದ್ದೇನೆ.

‘ರೆಡ್ ಫ್ಲ್ಯಾಗ್ ಲಾ’ಗೆ ‘ಕೆಂಪು ಬಾವುಟ ಕಾನೂನು’ ಅಂತ ಬರೆದದ್ದು ನೋಡಿದೆ. ಕೆಂಪು ಬಾವುಟ ಅಂದರೆ ಕನ್ನಡದಲ್ಲಿ ಕಾರ್ಮಿಕ ಸಂಘ. ಈ ಕಾನೂನು ತನಗೋ ಬೇರೆಯವರಿಗೋ ಅಪಾಯ ಮಾಡಬಹುದಾದ ವ್ಯಕ್ತಿಯ ಬಂದೂಕನ್ನು ಕೋರ್ಟಿನ ಆದೇಶದಿಂದ ಕೆಲವು ಕಾಲ ತೆಗೆದಿಡುವುದು. ಕನೆಕ್ಟಿಕಟ್‌ನಲ್ಲಿ 1999ರಲ್ಲೇ ಬಂತು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಫ್ಲಾರಿಡಾ ಕೂಡ ತಂದಿತು. 2021ರಲ್ಲಿ ಇಡೀ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಶಾಲೆಯ ಗುಂಡಿನ ದಾಳಿ ಮಾತ್ರ ಸುದ್ದಿಯಾಗುತ್ತದೆ, ಇದು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಈ ಕಾನೂನಿಗೆ ಸರಿಯಾದ ಹೆಸರು ಸಿಗಲೇಬೇಕು ಅಂತ ನನ್ನ ಆಸೆ. ‘ಜಪ್ತಿ’ ಅಂದರೆ ವಾಪಸ್ ಬರುವುದಿಲ್ಲ ಅನ್ನಿಸುತ್ತದೆ, ವಿರೋಧಿಗಳ ಭಯವೂ ಅದೇ. ಮಲೆನಾಡಿನಲ್ಲಿ ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ‘ಠೇವಣಿ’ ಇಟ್ಟು ಆಮೇಲೆ ಬಿಡಿಸಿಕೊಂಡು ಬರುತ್ತಾರಲ್ಲ, ಆ ಪದ ಹೊಂದುತ್ತದೆಯೇ? ‘ಕೋರ್ಟ್ ಆದೇಶದ ಠೇವಣಿ’ ಅಂತ?

ಕೊನೆಗೆ ‘ಸೆಮಿ ಆಟೋಮ್ಯಾಟಿಕ್’. ಎಆರ್-15 ಎಂಬ ರೈಫಲ್ಲಿಗೆ ‘ಸ್ವಯಂಚಾಲಿತ ಬಂದೂಕು’ ಅಂತ ಬರೆಯುವುದು ತಪ್ಪು. ಅದುಮಿ ಹಿಡಿದಷ್ಟು ಹೊತ್ತು ಗುಂಡು ಹಾರುವ ಮಷಿನ್ ಗನ್ನಿಗೆ 1934ರಿಂದಲೇ ಕಟ್ಟುಪಾಡಿದೆ, 1986ರ ನಂತರ ತಯಾರಾದವನ್ನು ಜನಸಾಮಾನ್ಯರು ಕೊಳ್ಳುವ ಹಾಗೇ ಇಲ್ಲ. ಎಆರ್-15ರಲ್ಲಿ ಒಂದು ಗುಂಡಿಗೆ ಒಂದು ಸಲ ಒತ್ತಬೇಕು. ‘ಅರೆ ಸ್ವಯಂಚಾಲಿತ’ ಅಂದರೆ ಏನೋ ಅರ್ಧ ಶಕ್ತಿಯದು ಅನ್ನಿಸಿಬಿಡುತ್ತದೆ. ‘ಒತ್ತಿಗೊಂದು ಗುಂಡು’ ಅಂತ ಬರೆದು ನೋಡಿದೆ. ಬಂದೂಕಿನಲ್ಲಿ ಬೆರಳಿನಿಂದ ಒತ್ತುವ ಭಾಗಕ್ಕೆ ಹಳಬರು ‘ಕುದುರೆ’ ಅನ್ನುತ್ತಿದ್ದರು. ಈಗಲೂ ಸಕಲೇಶಪುರ, ತೀರ್ಥಹಳ್ಳಿ, ಕೊಡಗಿನ ಕಡೆ ಕೋವಿ ಇಟ್ಟುಕೊಂಡವರ ಬಾಯಲ್ಲಿ ಈ ಪದ ಇದೆಯೇ, ಇಲ್ಲಾ ಎಲ್ಲರೂ ಟ್ರಿಗರ್ ಅನ್ನುತ್ತಾರೆಯೇ? ಆ ಕಡೆಯವರು ಯಾರಾದರೂ ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.