ಸಹಾಯ ಬೇಕು: ಸರೌಂಡ್ ಸ್ಪೀಕರ್ ಎರಡನ್ನು ಎಲ್ಲಿ ಹಾಕಲಿ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ, ಹಾಲ್ 16 ಅಡಿ ಉದ್ದ, 11 ಅಡಿ ಅಗಲ. ಹೋದ ವಾರ 5.1 ಸೆಟ್ (ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ಸಬ್‌ವೂಫರ್) ತಂದೆ. ಮುಂದಿನ ಮೂರರದ್ದು ತಲೆನೋವಿಲ್ಲ, ಸೆಂಟರ್ ಟಿವಿ ಕೆಳಗಿದೆ, ಎಡ ಬಲದ್ದು ಕೂತಲ್ಲಿಂದ ಟಿವಿಯ ನೇರಕ್ಕೆ 30 ಡಿಗ್ರಿ ಆಚೀಚೆ.

ತೊಂದರೆ ಸರೌಂಡ್‌ಗಳದ್ದು. ಅವು 110ರಿಂದ 120 ಡಿಗ್ರಿಯಲ್ಲಿ, ಅಂದರೆ ಕೂತವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ಕಿವಿಗಿಂತ ತುಸು ಮೇಲೆ ಇರಬೇಕು ಅಲ್ವಾ? ಆದರೆ ನಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ, ಎಡಕ್ಕೆ ದೊಡ್ಡ ಕಿಟಕಿ, ಬಲಕ್ಕೆ ಅಡುಗೆಮನೆ ಬಾಗಿಲು. ಸೋಫಾ ಎರಡಡಿ ಮುಂದೆ ಎಳೆದರೆ ಸರಿಹೋಗುತ್ತದೆ, ಅಮ್ಮ ಮಾತ್ರ ಓಡಾಡೋಕೆ ಜಾಗ ಇರಲ್ಲ ಅಂತ ಸುತರಾಂ ಒಪ್ಪುತ್ತಿಲ್ಲ. ಸೋಫಾ ಇದ್ದಲ್ಲೇ ಬಿಟ್ಟು ಹಿಂದಿನ ಗೋಡೆಯ ಎರಡು ಮೂಲೆಗೆ, ಎತ್ತರದಲ್ಲಿ, ನಮ್ಮ ಕಡೆ ತಿರುಗಿಸಿ ಹಾಕಿದರೆ ಪರವಾಗಿಲ್ವಾ? ಇಲ್ಲಾ ಸ್ಟ್ಯಾಂಡ್ ತಂದು ನೇರ ಪಕ್ಕಕ್ಕೆ, 90 ಡಿಗ್ರಿಗೆ ಇಡೋದೇ ವಾಸಿನಾ?

ಇನ್ನೊಂದು, ಮಳೆಗಾಲದಲ್ಲಿ ಆ ಹಿಂದಿನ ಗೋಡೆ ಪೂರ್ತಿ ಥಂಡಿ ಹಿಡಿಯುತ್ತದೆ. (ಜುಲೈನಲ್ಲಿ ಹೆಂಚಿನ ಮೇಲೆ ಬೀಳೋ ಮಳೆಯೇ ನಮಗೆ ಸರೌಂಡ್, ಅದು ಬೇರೆ ಮಾತು.) ಸ್ಪೀಕರ್‌ಗೂ ಗೋಡೆಗೂ ಎಷ್ಟು ಅಂತರ ಬಿಡಬೇಕು? ಸಬ್‌ವೂಫರ್ ಮೂಲೆಗಿಟ್ಟರೆ ಗುಂಯ್ ಅಂತಿದೆ, ಸುಮ್ನೆ ಜಾಗ ಬದಲಿಸಿದರೆ ಸಾಕಾ? ಇಂಥದ್ದೇ ಹಾಲ್ ಇರುವವರು ಹೇಗೆ ಮಾಡಿದ್ದೀರಿ ಹೇಳಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಭಾನುವಾರ ಗೋಡೆಗೆ ಡ್ರಿಲ್ ಹೊಡೆಯೋಕೆ ಬರ್ತಾರೆ.